ವಿಭೂತಿಯ ಪರೀಕ್ಷೆಯೂ ಜಗತ್ಕರ್ತೃವಿನ ವಿಚಾರವೂ

ಕ್ರಿ. ಶ. 1976ನೆಯ ಇಸವಿಯಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು, ಪವಾಡಗಳನ್ನೂ ಪರೀಕ್ಷೆಗೆ ಒಳಪಡತಕ್ಕ ಇತರ ಮೂಢನಂಬಿಕೆಗಳನ್ನೂ ವಿಚಾರಿಸಿ ನೋಡುವುದಕ್ಕಾಗಿ ಒಂದು ಸಮಿತಿಯನ್ನು ರಚಿಸಿದರು. ಹನ್ನೆರಡು ಮಂದಿ ಸದಸ್ಯರುಳ್ಳ ಆ ಸಮಿತಿಗೆ ಅವರೇ ಅಧ್ಯಕ್ಷರು. ಅದೇ ವರ್ಷ ಅವರು ಶ್ರೀ ಸತ್ಯಸಾಯಿಬಾಬಾ ಅವರಿಗೆ ಪತ್ರವನ್ನು ಬರೆದರು. ಬರಿಗೈಯನ್ನು ಆಡಿಸಿದ ಮಾತ್ರದಿಂದ ವಿಭೂತಿಯನ್ನೂ ಉಂಗುರವೇ ಮೊದಲಾದ ವಸ್ತುಗಳನ್ನೂ ಬರಿಸುವರೆಂದು ಭಕ್ತರು ಹೇಳುತ್ತಿದ್ದ ಕಾರ್ಯವನ್ನು, ಸಮಿತಿಯ ಕಣ್ಣೆದುರಿನಲ್ಲಿ, ಸಮಿತಿಯು ವಿಧಿಸುವ ಕಟ್ಟುಪಾಡುಗಳಿಗೆ ಒಳಪಟ್ಟು ಮಾಡಿ ತೋರಿಸಬೇಕೆಂದು ಆ ಪತ್ರದ ಬಿನ್ನಹ. ಉತ್ತರವು ಬಾರದಿರಲು ಎರಡನೆಯ ಪತ್ರವನ್ನೂ, ಅದಕ್ಕೂ ಬಾರದಿರಲು ಮೂರನೆಯದನ್ನೂ ಬರೆದರು. ಮೂರಕ್ಕೂ ಉತ್ತರವು ಬರಲಿಲ್ಲ. ಪತ್ರಿಕೆಗಳಲ್ಲಿ ಮಾತ್ರ ಆ ವರ್ಷವೆಲ್ಲ ವಾದವಿವಾದಗಳು ತುಂಬಿಹೋದುವು.

ಬಾಬಾ ಅವರ ಮೂಲಸ್ಥಾನವು ಪುಟ್ಟಪರ್ತಿಯಾದರೂ, ಬೆಂಗಳೂರಿನ ಮೂಡಣ ದಿಕ್ಕಿನಲ್ಲಿ ವೈಟ್‌ಫೀಲ್ಡಿಗೆ ಸೇರಿದ ಕಾಡುಗೋಡಿಯಲ್ಲಿ ಬೃಂದಾವನವೆಂಬ ಅವರ ಆಶ್ರಮವಿರುವುದು ಎಲ್ಲರಿಗೂ ತಿಳಿದದ್ದೇ. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದವರಿಗೆ ಬೇಸಾಯದ ನೆಲೆಗಾಗಿ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಸಂಘದ ಮುಖಂಡರಾಗಿದ್ದ ವೈಟ್ ಎಂಬುವರ ಹೆಸರೇ ಊರಿಗೆ ನಿಂತಿತು. ನೂರು ವರ್ಷ ಹಣ್ಣಿನ ತೋಟಗಳ ನಡುವೆ ಸದ್ದಿಲ್ಲದೆ ಇದ್ದ ಆ ಹಳ್ಳಿಯು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಿಂದೀಚೆಗೆ ಗಣಕಯಂತ್ರದ ಉದ್ಯಮಗಳಿಂದ ತುಂಬಿ, ನಾಡಿನ ಎಲ್ಲ ಜಿಲ್ಲೆಗಳ ವಿದ್ಯಾವಂತ ತರುಣರನ್ನು ತನ್ನತ್ತ ಸೆಳೆದುಕೊಂಡಿದೆ. ಧಾರವಾಡ, ಬಿಜಾಪುರ, ಕಲಬುರಗಿಯ ಕಡೆಗಳಿಂದ ಹೋಗಿ ಅಲ್ಲಿ ಮನೆಮಾಡಿರುವ ಭಕ್ತಕುಟುಂಬಗಳ ಮಕ್ಕಳು ಜಾತ್ರೆಗೆ ಬಂದಾಗ ಹಿರಿಯರನ್ನು ಕೇಳುವ ಪ್ರಶ್ನೆಯೊಂದುಂಟು: ಜಗತ್ತಿಗೆ ಕರ್ತನಾದವನು ಇರುವನೆಂದು ನಂಬುವುದು ಯುಕ್ತಿಗೆ ಒಪ್ಪತಕ್ಕದ್ದೇ, ಅಥವಾ ಅಜ್ಜಂದಿರು ನಂಬಿದರೆಂದು ಮೊಮ್ಮಕ್ಕಳೂ ನಂಬುವುದೇ? ಕೊರಳಲ್ಲಿ ಲಿಂಗವನ್ನು ಧರಿಸಿದ ಹುಡುಗನು ಹೀಗೆ ಕೇಳಿದರೆ ಗದರಿಸಿ ಸುಮ್ಮನಿರಿಸುವ ಹಿರಿಯರೂ ಇದ್ದಾರೆ. ಗದರಿಕೆಯು ಪ್ರಮಾಣವಾಗುವುದಿಲ್ಲ, ತರ್ಕಶಾಸ್ತ್ರದಲ್ಲಿ ಅದಕ್ಕೆ ಸ್ಥಾನವಿಲ್ಲ.

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ 1976ರ ಪ್ರಸಂಗವೇ ಒಳ್ಳೆಯ ಬಾಗಿಲು. ಏತಕ್ಕೆಂದರೆ ಅಂದು ಎರಡು ಬೇರೆ ಬೇರೆ ಸಂಗತಿಗಳನ್ನು ಎರಡು ಪಕ್ಷದವರಲ್ಲಿಯೂ ಅನೇಕರು ಒಂದೇ ಎಂದು ಭಾವಿಸಿದರು. ನರಸಿಂಹಯ್ಯನವರು ದೇವರನ್ನೇ ಪರೀಕ್ಷಿಸಲು ಹೊರಟಿದ್ದಾರೆಂದು ಭಕ್ತರು ಕೋಪಿಸಿಕೊಂಡರು. ವಿಭೂತಿಯ ಗುಟ್ಟು ಹೊರಬಿದ್ದರೆ ದೇವರ ವಿಷಯವೂ ತೀರಿಹೋಗುವುದೆಂದು ಕೆಲವು ವಿಚಾರವಾದಿಗಳು ಹಿಗ್ಗಿದರು. ಆದರೆ ಸಮಿತಿಯ ಹೆಸರನ್ನು ಸಾವಧಾನದಿಂದ ಓದಬೇಕು. “ಪರೀಕ್ಷೆಗೆ ಒಳಪಡತಕ್ಕ” ಎಂಬ ವಿಶೇಷಣವು ಅದರಲ್ಲಿ ಸುಮ್ಮನೆ ಬಂದುದಲ್ಲ. ದೇವರುಂಟೇ ಇಲ್ಲವೇ ಎಂಬುದು ಆ ಸಮಿತಿಯ ಮುಂದೆ ಇರಲೇ ಇಲ್ಲ. ಅಣುಭೌತಶಾಸ್ತ್ರವನ್ನು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಭ್ಯಾಸಮಾಡಿ ಬಂದಿದ್ದ ನರಸಿಂಹಯ್ಯನವರು ಈ ಗಡಿಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಉಂಗುರವನ್ನಲ್ಲ, ತೋಳಿನಲ್ಲಿ ಅಡಗಿಸಲಾಗದ ಕುಂಬಳಕಾಯಿಯನ್ನು ಬರಿಸಲಿ ಎಂದು ಅವರು ಹೇಳುತ್ತಿದ್ದ ಮಾತು ಬೆಂಗಳೂರಿನಲ್ಲಿ ಗಾದೆಯಂತೆ ಹರಡಿತು. ನಗೆಮಾತಾದರೂ ಅದರಲ್ಲಿ ತರ್ಕವಿದೆ: ಬಯಲಿನಿಂದ ಚಿಕ್ಕ ವಸ್ತುವನ್ನು ತರಬಲ್ಲ ಶಕ್ತಿಗೆ ದೊಡ್ಡದನ್ನು ತರಲು ತೊಡಕೇನು?

ವಿಜ್ಞಾನವು ಇಂದ್ರಿಯಗಳಿಗೆ ಸಿಕ್ಕುವ ವಿಷಯಗಳಲ್ಲಿಯೇ ನಿಲ್ಲತಕ್ಕದ್ದೆಂದೂ, ಅಧ್ಯಾತ್ಮವು ಇಂದ್ರಿಯಾತೀತವೆಂದೂ ಬಾಬಾ ಅವರು ತಮ್ಮ ಮೌನಕ್ಕೆ ಕಾರಣವನ್ನು ಹೇಳಿದರು. ಅಧ್ಯಾತ್ಮದ ವಿಷಯದಲ್ಲಿ ಇದು ಸರಿಯೇ. ಆದರೆ ಅಂಗೈಯಲ್ಲಿ ಹಿಡಿದು ಹಣೆಗೆ ಹಚ್ಚಿಕೊಳ್ಳುವ ಬೂದಿಯು ಇಂದ್ರಿಯಾತೀತವಲ್ಲವಷ್ಟೆ! ಕಣ್ಣಿಗೆ ಕಾಣುವುದು, ನಾಲಗೆಗೆ ರುಚಿಸುವುದು, ತಕ್ಕಡಿಯಲ್ಲಿ ತೂಗುವುದು. ಸಮಿತಿಯವರು ಕೇಳಿದ್ದು ಆ ಬೂದಿಯ ವಿಷಯವನ್ನು ಮಾತ್ರ. ಅದು ಎಲ್ಲಿಂದ ಬರುತ್ತಿತ್ತೆಂಬುದು ಸಮಿತಿಯಿಂದ ಇತ್ಯರ್ಥವಾಗಲಿಲ್ಲ. ಪರೀಕ್ಷೆಯೇ ನಡೆಯದ ಮೇಲೆ ಆಗುವುದಾದರೂ ಹೇಗೆ? ಮಂಡ್ಯ ಜಿಲ್ಲೆಯ ಪಾಂಡವಪುರದಲ್ಲಿ ಹೀಗೆಯೇ ವಿಭೂತಿಯನ್ನು ಬರಿಸುವನೆಂದು ಪ್ರಸಿದ್ಧನಾಗಿದ್ದ ಒಬ್ಬ ಎಳೆಯ ಬಾಲಕನನ್ನು ಸಮಿತಿಯವರು ಹೋಗಿ ನೋಡಿದರು. ಬೂದಿಯು ಅವನ ಉಡುಪಿನೊಳಗೇ ಅಡಗಿದ್ದುದು ಕಂಡುಬಂದಿತು. ಏಳೆಂಟು ವರ್ಷದ ಮಗುವಿನ ಮೇಲೆ ಅಪರಾಧವನ್ನು ಹೊರಿಸುವುದು ಅನ್ಯಾಯ. ಅಂತಹ ಮಗುವಿನ ಮುಂದೆ ಕೈಮುಗಿದು ನಿಂತ ದೊಡ್ಡವರ ಸ್ಥಿತಿಯೇ ವಿಚಾರಾರ್ಹವಾದುದು. ಸಮಿತಿಯು 1977ರಲ್ಲಿ ಮುಕ್ತಾಯವಾಯಿತು. ಬಾಬಾ ಅವರ ಹೆಸರಿನಲ್ಲಿ ವೈಟ್‌ಫೀಲ್ಡಿನಲ್ಲಿ 2001ರಲ್ಲಿ ಆರಂಭವಾದ ದೊಡ್ಡ ಆಸ್ಪತ್ರೆಯು ಬಡವರಿಗೆ ಹಣವನ್ನು ತೆಗೆದುಕೊಳ್ಳದೆ ಚಿಕಿತ್ಸೆಯನ್ನು ನೀಡುತ್ತ ಬಂದಿದೆಯೆಂಬುದನ್ನೂ ಇಲ್ಲಿಯೇ ಹೇಳತಕ್ಕದ್ದು. ಆ ಸೇವೆಯ ಬೆಲೆಯು ವಿಭೂತಿಯ ಪರೀಕ್ಷೆಯಿಂದ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಲಿಂಗವಂತರಿಗೆ ವಿಭೂತಿಯು ಅಷ್ಟಾವರಣಗಳಲ್ಲಿ ಒಂದು. ಆದುದರಿಂದ ವಿಭೂತಿಯ ಹುಟ್ಟನ್ನು ಕುರಿತು ಅವರ ಶಾಸ್ತ್ರವು ಏನು ಹೇಳುತ್ತದೆಂದು ನೋಡುವುದು ಉಚಿತವು. ಸಿದ್ಧಾಂತಶಿಖಾಮಣಿಯಲ್ಲಿ ಶಿವಯೋಗಿ ಶಿವಾಚಾರ್ಯರು ಭಸ್ಮಕ್ಕೆ ವಿಭೂತಿ, ಭಸಿತ, ಭಸ್ಮ, ಕ್ಷಾರ, ರಕ್ಷೆ ಎಂಬ ಐದು ಹೆಸರುಗಳನ್ನೂ, ನಂದೆ, ಭದ್ರೆ, ಸುರಭಿ, ಸುಶೀಲೆ, ಸುಮನೆ ಎಂಬ ಐದು ಗೋವುಗಳನ್ನೂ, ಕಲ್ಪ ಅನುಕಲ್ಪ ಉಪಕಲ್ಪ ಅಕಲ್ಪಗಳೆಂಬ ನಾಲ್ಕು ಬಗೆಗಳನ್ನೂ ನಿರೂಪಿಸಿದ್ದಾರೆ. ಆಕಳ ಸಗಣಿಯನ್ನು ತಂದು, ಉಂಡೆಕಟ್ಟಿ, ಒಣಗಿಸಿ, ಮಂತ್ರಪೂರ್ವಕವಾಗಿ ಅಗ್ನಿಯಲ್ಲಿ ಸುಟ್ಟು, ಶೋಧಿಸಿ ತೆಗೆದುದೇ ಭಸ್ಮ. ಇಂದಿಗೂ ಮಠಗಳ ಹಿತ್ತಿಲಿನಲ್ಲಿ ವಿಭೂತಿಯ ಗಟ್ಟಿಗಳು ತಯಾರಾಗುವುದನ್ನು ಯಾರು ಬೇಕಾದರೂ ನಿಂತು ನೋಡಬಹುದು. ಅದರಲ್ಲಿ ಅಡಗಿಸತಕ್ಕದ್ದು ಏನೂ ಇಲ್ಲ. ಸಗಣಿಯು ಬೂದಿಯಾಗುವಂತೆ ದೇಹವೂ ಒಂದು ದಿನ ಬೂದಿಯಾಗುವುದೆಂಬ ಅರಿವೇ ಆ ಧಾರಣೆಯ ಅರ್ಥ. ಬಯಲಿನಿಂದ ಬಂದ ವಿಭೂತಿಯು ಹೆಚ್ಚು ಪವಿತ್ರವೆಂದು ಹೇಳುವ ವಚನವನ್ನು ಆ ಗ್ರಂಥದಲ್ಲಿ ಹುಡುಕಿದರೂ ಸಿಕ್ಕುವುದಿಲ್ಲ.

ಹಾಗಾದರೆ ಶರಣಧರ್ಮಕ್ಕೆ ಪವಾಡಗಳ ಸೋಂಕೇ ಇಲ್ಲವೆಂದು ಹೇಳಿಬಿಡಬಹುದೇ? ಹಾಗೆ ಹೇಳಲು ಅಬ್ಬಲೂರಿನ ಶಿಲಾಶಾಸನವು ಬಿಡುವುದಿಲ್ಲ.

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿಗೆ ಸೇರಿದ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ ಈ ಶಾಸನವು ಸುಮಾರು ಕ್ರಿ. ಶ. 1200ರದು. ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ವಿದ್ವಾಂಸರು ಇದನ್ನು ಸಂಪಾದಿಸಿ ಪ್ರಕಟಿಸಿದರು. ಅದರ ಸಾರವು ಹೀಗಿದೆ: ಆಳಂದೆಯ ಪುರುಷೋತ್ತಮಭಟ್ಟರ ಮಗನಾದ ರಾಮಯ್ಯನು ಏಕಾಂತಭಕ್ತಿಯಿಂದ ಶಿವನನ್ನು ಪೂಜಿಸುತ್ತ ಏಕಾಂತದ ರಾಮಯ್ಯನೆಂದು ಪ್ರಸಿದ್ಧನಾದನು. ಪುಲಿಗೆರೆಯ ಸೋಮನಾಥನ ಅಪ್ಪಣೆಯಂತೆ ಅಬ್ಬಲೂರಿಗೆ ಬಂದು ಅಲ್ಲಿಯ ಜೈನರೊಡನೆ ವಾದಕ್ಕೆ ನಿಂತನು. ತನ್ನ ತಲೆಯನ್ನು ಅರಿದು ಶಿವನಿಗೆ ಅರ್ಪಿಸಿ ಮರಳಿ ಪಡೆದರೆ ಜೈನರು ಜಿನಬಿಂಬವನ್ನು ತೆಗೆದು ಶಿವನನ್ನು ಸ್ಥಾಪಿಸತಕ್ಕದ್ದೆಂದು ಓಲೆಯ ಮೇಲೆ ಪಣವನ್ನು ಬರೆದುಕೊಟ್ಟರು. ರಾಮಯ್ಯನು ತಲೆಯನ್ನು ಕೊಟ್ಟು, ಏಳು ದಿನಗಳ ಮೇಲೆ ಪಡೆದನು. ಜೈನರು ಮಾತಿಗೆ ತಪ್ಪಿದರು. ಅವನು ಜಿನಬಿಂಬವನ್ನು ಒಡೆದನು. ದೂರು ಬಿಜ್ಜಳನ ಸಭೆಗೆ ಹೋಯಿತು. ರಾಮಯ್ಯನು ಅಲ್ಲಿ ಓಲೆಯನ್ನು ಮುಂದಿಟ್ಟು, ಇನ್ನೊಮ್ಮೆ ಬೇಕಾದರೂ ಹಾಗೆಯೇ ಮಾಡಿ ತೋರಿಸುವೆನೆಂದನು, ಜೈನರು ಒಪ್ಪಲಿಲ್ಲ, ಬಿಜ್ಜಳನು ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟನು. ಮುಂದೆ ನಾಲ್ಕನೆಯ ಸೋಮೇಶ್ವರನೂ ಕದಂಬರ ಕಾಮದೇವನೂ ದತ್ತಿಗಳನ್ನು ಬಿಟ್ಟರು. ದೇವಾಲಯದ ಕಲ್ಲುಗಳಲ್ಲಿ ಈ ಕಥೆಯ ದೃಶ್ಯಗಳನ್ನೂ ಕೆತ್ತಿರುವರು.

ಈ ಶಾಸನದಲ್ಲಿ ಗಮನಿಸತಕ್ಕ ಅಂಶಗಳು ಬಹಳ. ಪವಾಡವನ್ನು ಒಂದು ವ್ಯಾಜ್ಯದ ರೀತಿಯಲ್ಲಿ ನಡೆಸಿರುವರು: ಬರೆದ ಕರಾರು ಉಂಟು, ಸಾಕ್ಷಿಗಳುಂಟು, ಅವಧಿಯುಂಟು, ರಾಜಸಭೆಯ ತೀರ್ಪುಂಟು, ಮರುಪರೀಕ್ಷೆಯ ಆಹ್ವಾನವೂ ಉಂಟು. ಹನ್ನೆರಡನೆಯ ಶತಮಾನದ ಜನರು ಕೇಳಿದುದನ್ನೆಲ್ಲ ನಂಬುವ ಮುಗ್ಧರೆಂದು ಹೇಳುವವರು ಇದನ್ನು ಓದಬೇಕು. ಪರೀಕ್ಷೆಗೆ ಅಂಜದ ರಾಮಯ್ಯನ ಧೈರ್ಯವು, ಪರೀಕ್ಷೆ ಬೇಡವೆನ್ನುವ ಎಲ್ಲ ಕಾಲದ ಸಿದ್ಧಪುರುಷರಿಗಿಂತ ಮೇಲು. ಇಷ್ಟನ್ನು ಹೇಳಿದ ಮೇಲೆ ಉಳಿದುದನ್ನೂ ಮುಚ್ಚಬಾರದು. ಬಿಜ್ಜಳನ ಆಳ್ವಿಕೆಯು ಮುಗಿದು ಒಂದು ತಲೆಮಾರು ಕಳೆದ ಮೇಲೆ ಈ ಶಾಸನವು ಹುಟ್ಟಿತು. ಹುಟ್ಟಿದುದೂ ಗೆದ್ದವರ ದೇವಾಲಯದಲ್ಲಿ, ದತ್ತಿಯ ದಾಖಲೆಯಾಗಿ. ಸೋತವರ ಮಾತು ಆ ಕಲ್ಲಿನ ಮೇಲಿಲ್ಲ. ಚರಿತ್ರೆಯನ್ನು ಬಲ್ಲವನು ಇದರಿಂದ ಒಂದು ಮತಕಲಹವೂ ಒಂದು ಬಸದಿಯ ನಾಶವೂ ನಡೆದುದನ್ನು ನಿಶ್ಚಯವಾಗಿ ಹೇಳಬಲ್ಲನು. ತಲೆಯು ಮರಳಿ ಕೂಡಿತೆಂಬುದನ್ನು ಹಾಗೆ ಹೇಳಲಾರನು. ಭಕ್ತನು ಅದನ್ನು ಭಕ್ತಿಯಿಂದ ಕೇಳಬಹುದು. ಆದರೆ ಒಂದು ಮಾತು: ರಾಮಯ್ಯನ ತಲೆಯು ಕೂಡಿದುದು ನಿಜವೇ ಆಗಿದ್ದರೂ ಅದರಿಂದ ಸಿದ್ಧವಾಗುವುದು ರಾಮಯ್ಯನ ಶಕ್ತಿಯೇ ಹೊರತು ಜಗತ್ತಿಗೆ ಕರ್ತನಿರುವನೆಂಬುದಲ್ಲ. ಜೈನರು ಮಂತ್ರಸಿದ್ಧಿಗಳನ್ನು ಒಪ್ಪುವವರೇ. ಒಪ್ಪದೆ ಇದ್ದುದು ಕರ್ತೃವನ್ನು. ಪಣವು ಒಂದು ವಿಷಯದ ಮೇಲೆ, ಜಯವು ಇನ್ನೊಂದರ ಮೇಲೆ!

ಇದೇ ಪರಂಪರೆಯೊಳಗೆ ಇದಕ್ಕೆ ಪ್ರತಿಯಾದ ಧ್ವನಿಯೂ ಉಂಟು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿ, ತರುವಾಯ ಗೂಳೂರು ಸಿದ್ಧವೀರಣ್ಣೊಡೆಯರೇ ಮೊದಲಾದವರು ವಿಸ್ತರಿಸಿದ ಶೂನ್ಯಸಂಪಾದನೆಯಲ್ಲಿ ಗೋರಕ್ಷನ ಪ್ರಸಂಗವು ಬರುತ್ತದೆ. ಗೋರಕ್ಷನು ಯೋಗಬಲದಿಂದ ದೇಹವನ್ನು ವಜ್ರದಂತೆ ಮಾಡಿಕೊಂಡವನು. ಖಡ್ಗದಿಂದ ಹೊಡೆದರೆ ಖಣಿಲೆಂದು ಸದ್ದಾಯಿತೇ ಹೊರತು ಕೂದಲೂ ಕೊಂಕಲಿಲ್ಲ. ಅದೇ ಖಡ್ಗವನ್ನು ಅಲ್ಲಮಪ್ರಭುವಿನ ಮೇಲೆ ಬೀಸಿದಾಗ ಬಯಲಿನಲ್ಲಿ ಬೀಸಿದಂತೆ ಹಾಯ್ದುಹೋಯಿತು. ಸದ್ದಾದರೆ ಅಲ್ಲಿ ಇನ್ನೂ ದೇಹದ ಅಭಿಮಾನವು ಉಳಿದಿದೆಯೆಂಬುದು ಪ್ರಭುವಿನ ಅಭಿಪ್ರಾಯ. ಇದನ್ನೂ ಪವಾಡದ ರೂಪದಲ್ಲಿಯೇ ಹೇಳಿದ್ದಾರಲ್ಲವೇ ಎಂದು ನಗುವವರು ನಗಬಹುದು. ಆದರೂ ಪವಾಡದಿಂದ ಪವಾಡವನ್ನು ಅಳಿಸುವ ಈ ಕಥೆಯ ದಿಕ್ಕು ಸ್ಪಷ್ಟವಾಗಿದೆ: ಸಿದ್ಧಿಯು ಅರಿವಿಗೆ ಪ್ರಮಾಣವಲ್ಲ, ಅಡ್ಡಿಯೂ ಆಗಬಲ್ಲದು. ವೈಟ್‌ಫೀಲ್ಡಿಗೆ ಮೂರು ಪತ್ರಗಳು ಹೋಗುವುದಕ್ಕೆ ಐನೂರು ವರ್ಷಗಳ ಮುಂಚೆಯೇ ಶರಣರ ಗ್ರಂಥವು ಪವಾಡದ ವಿಷಯದಲ್ಲಿ ಉತ್ತರವನ್ನು ಬರೆದಿಟ್ಟಿತ್ತು.

ಪವಾಡವು ಹೀಗೆ ಪಕ್ಕಕ್ಕೆ ಸರಿದರೆ ಕರ್ತೃವಿನ ಪ್ರಶ್ನೆಯು ತನ್ನ ನಿಜವಾದ ರೂಪದಲ್ಲಿ ಎದುರು ನಿಲ್ಲುತ್ತದೆ. ಇದನ್ನು ಕನ್ನಡನಾಡಿನಲ್ಲಿ ಬಲವಾಗಿ ಎತ್ತಿದವರು ಪಾಶ್ಚಾತ್ಯ ವಿದ್ಯೆಯನ್ನು ಕಲಿತವರಲ್ಲ, ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನು ಯಾರ ಪಾದಗಳಿಗೆ ಎರಗುತ್ತಿದ್ದನೋ ಆ ಜಿನಸೇನರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತೃವಾದವನ್ನು ಖಂಡಿಸಿದ್ದಾರೆ. ಆ ಗ್ರಂಥವನ್ನೇ ಆಧರಿಸಿ ಪಂಪನು 941ರಲ್ಲಿ ಕನ್ನಡದ ಆದಿಪುರಾಣವನ್ನು ರಚಿಸಿದನೆಂಬುದು ಪ್ರಸಿದ್ಧವು. ಜಿನಸೇನರ ಆಕ್ಷೇಪಗಳು ಸಾರರೂಪವಾಗಿ ಇಂತಿವೆ. ಜಗತ್ತನ್ನು ಒಬ್ಬನು ಮಾಡಿದನೆಂದರೆ ಮಾಡುವ ಮುಂಚೆ ಅವನು ಎಲ್ಲಿದ್ದನು? ಶರೀರವಿಲ್ಲದವನು ಮೂರ್ತವಾದ ಜಗತ್ತನ್ನು ಹೇಗೆ ಮಾಡಿಯಾನು? ದ್ರವ್ಯವಿಲ್ಲದೆ ಮಾಡಲಾಗದು, ದ್ರವ್ಯವನ್ನೂ ಮೊದಲು ಅವನೇ ಮಾಡಿದನೆಂದರೆ ಅದಕ್ಕೆ ಮತ್ತೊಂದು ದ್ರವ್ಯವು ಬೇಕು, ಅದಕ್ಕೆ ಇನ್ನೊಂದು. ದ್ರವ್ಯವು ತಾನಾಗಿಯೇ ಇತ್ತೆಂದರೆ ಜಗತ್ತೂ ತಾನಾಗಿಯೇ ಇರಬಾರದೇಕೆ? ಅವನು ಕೃತಾರ್ಥನಾಗಿದ್ದರೆ ಸೃಷ್ಟಿಸುವ ಬಯಕೆಯೇಕೆ ಹುಟ್ಟಿತು? ಕರುಣೆಯಿಂದ ಸೃಷ್ಟಿಸಿದನೆಂದರೆ ದುಃಖವನ್ನು ಏಕೆ ಇಟ್ಟನು? ಜೀವರ ಕರ್ಮಕ್ಕೆ ತಕ್ಕಂತೆ ಇಟ್ಟನೆಂದರೆ ಕರ್ಮವೇ ಸಾಕಾಗಿರುವಲ್ಲಿ ಅವನಿಂದ ಆಗಬೇಕಾದುದೇನು?

ಕರ್ತೃವನ್ನು ಯುಕ್ತಿಯಿಂದ ಸಾಧಿಸಲು ನಿಂತವರು ನೈಯಾಯಿಕರು. ಅವರಲ್ಲಿ ಮಿಥಿಲೆಯ ಉದಯನಾಚಾರ್ಯರ ನ್ಯಾಯಕುಸುಮಾಂಜಲಿಯು ಶಿರೋಭೂಷಣವಾದುದು. ಮಡಕೆಯು ಕಾರ್ಯ, ಅದಕ್ಕೆ ಕುಂಬಾರನು ಕರ್ತೃ. ಭೂಮಿ ಮೊಳಕೆ ಮೊದಲಾದುವೂ ಅವಯವಗಳಿಂದ ಕೂಡಿದ ಕಾರ್ಯಗಳಾದುದರಿಂದ ಅವಕ್ಕೂ ಬುದ್ಧಿಯುಳ್ಳ ಕರ್ತೃವು ಇರಲೇಬೇಕೆಂಬುದು ಅವರ ಮುಖ್ಯವಾದ ಅನುಮಾನ. ಪಾಠಶಾಲೆಗಳಲ್ಲಿ ಇಂದಿಗೂ ವಿದ್ಯಾರ್ಥಿಗಳು ಇದನ್ನು ಬಾಯಿಪಾಠಮಾಡುವರು. ಉಪನ್ಯಾಸಗಳಲ್ಲಿ ಇದನ್ನೇ ಗಡಿಯಾರದ ದೃಷ್ಟಾಂತದಿಂದ ಹೇಳುವುದುಂಟು. ಗಡಿಯಾರದ ದೃಷ್ಟಾಂತವನ್ನು 1802ರಲ್ಲಿ ಪ್ರಸಿದ್ಧಪಡಿಸಿದವನು ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ. 1859ರಲ್ಲಿ ಚಾರ್ಲ್ಸ್ ಡಾರ್ವಿನನು ಜೀವಜಾತಿಗಳ ಅಂಗರಚನೆಯು ನೈಸರ್ಗಿಕವಾದ ಆಯ್ಕೆಯಿಂದ ಬಹುಕಾಲದಲ್ಲಿ ಹೇಗೆ ರೂಪುಗೊಳ್ಳಬಲ್ಲದೆಂದು ತೋರಿಸಿಕೊಟ್ಟ ಮೇಲೆ ಪೇಲಿಯ ವಾದವು ಜೀವಶಾಸ್ತ್ರದಲ್ಲಿ ನಿಲ್ಲಲಿಲ್ಲ.

ಆದರೆ ಈ ಅನುಮಾನವನ್ನು ಮೊದಲು ಸಡಿಲಿಸಿದವರು ನಾಸ್ತಿಕರೇ ಎಂದು ತಿಳಿಯುವುದು ತಪ್ಪು. ತೊಂಡನೂರು ಮೇಲುಕೋಟೆಗಳಲ್ಲಿ ನೆಲೆಸಿ ಕನ್ನಡನಾಡನ್ನು ಪಾವನಗೊಳಿಸಿದ ಶ್ರೀ ರಾಮಾನುಜಾಚಾರ್ಯರು ಪರಮ ಆಸ್ತಿಕರು. ಅವರೇ ಶ್ರೀಭಾಷ್ಯದ ಶಾಸ್ತ್ರಯೋನಿತ್ವಾಧಿಕರಣದಲ್ಲಿ ಈ ಅನುಮಾನವನ್ನು ತುಂಡುತುಂಡಾಗಿ ಮಾಡಿದ್ದಾರೆ. ದೊಡ್ಡ ಅರಮನೆಯನ್ನು ಅನೇಕರು ಸೇರಿ ಕಟ್ಟುವಂತೆ ಜಗತ್ತನ್ನೂ ಅನೇಕರು, ಬೇರೆ ಬೇರೆ ಕಾಲಗಳಲ್ಲಿ ಮಾಡಿರಬಾರದೇಕೆ? ಕಂಡ ಕರ್ತೃಗಳೆಲ್ಲರೂ ಶರೀರವುಳ್ಳವರು, ಅಲ್ಪಶಕ್ತರು. ಅವರ ದೃಷ್ಟಾಂತದಿಂದ ಅಶರೀರನೂ ಸರ್ವಶಕ್ತನೂ ಆದವನು ಹೇಗೆ ಸಿದ್ಧಿಸಿಯಾನು? ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎಂಬ ಸಂದೇಹವಾದಿಯ ಗ್ರಂಥದಲ್ಲಿ, 1779ರಲ್ಲಿ, ಹೆಚ್ಚುಕಡಿಮೆ ಇವೇ ಆಕ್ಷೇಪಗಳು ಅಚ್ಚಾಗಿ ಹೊರಬಂದುವು. ಅದಕ್ಕೆ ಆರುನೂರು ವರ್ಷಗಳಿಗೂ ಮುಂಚೆ ಒಬ್ಬ ಆಚಾರ್ಯರು ಅವನ್ನು ಶಿಷ್ಯರಿಗೆ ಪಾಠವಾಗಿ ಹೇಳುತ್ತಿದ್ದರು! ಈಶ್ವರನು ಶಾಸ್ತ್ರದಿಂದಲೇ ತಿಳಿಯತಕ್ಕವನೆಂಬುದು ಅವರ ನಿರ್ಣಯ. ಉಡುಪಿಯ ಶ್ರೀ ಮಧ್ವಾಚಾರ್ಯರ ನಿರ್ಣಯವೂ ಇದೇ. ಕುಂಬಾರನ ದೃಷ್ಟಾಂತದಿಂದ ದೇವರನ್ನು ಸಾಧಿಸಿಬಿಡಬಹುದೆಂದು ವೈಟ್‌ಫೀಲ್ಡಿನ ಹುಡುಗನಿಗೆ ಹೇಳಹೊರಡುವವರು ಈ ಆಚಾರ್ಯರುಗಳ ಪಂಕ್ತಿಗಳನ್ನು ಮೊದಲು ಓದುವುದು ಒಳ್ಳೆಯದು.

ಆಧುನಿಕ ಭೌತಶಾಸ್ತ್ರವು ಜಗತ್ತಿನ ಈಗಿನ ವಿಸ್ತಾರವು ಸುಮಾರು 1,380 ಕೋಟಿ ವರ್ಷಗಳ ಹಿಂದೆ ಅತ್ಯಂತ ಸಾಂದ್ರವಾದ ಅವಸ್ಥೆಯಿಂದ ಮೊದಲಾಯಿತೆಂದು ಹೇಳುತ್ತದೆ. ಇದನ್ನು ಕೇಳಿದ ಕೂಡಲೇ, ನೋಡಿರಿ, ಆದಿಯುಂಟೆಂದ ಮೇಲೆ ಕರ್ತನೂ ಉಂಟು ಎಂದು ಉಬ್ಬುವವರುಂಟು. ಈ ಸಿದ್ಧಾಂತದ ಮೂಲಪುರುಷರಲ್ಲಿ ಒಬ್ಬನಾದ ಬೆಲ್ಜಿಯಂ ದೇಶದ ಲೆಮೇತ್ರನು ಸ್ವತಃ ಕ್ರೈಸ್ತ ಪಾದ್ರಿ. 1951ರಲ್ಲಿ ರೋಮಿನ ಪೋಪರು ಅವನ ಸಿದ್ಧಾಂತವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಹೊಗಳಿ ಮಾತನಾಡಿದಾಗ ಅವನಿಗೆ ಸಮಾಧಾನವಾಗಲಿಲ್ಲ. ಭೌತಶಾಸ್ತ್ರವನ್ನು ಮತಕ್ಕೆ ಊರುಗೋಲಾಗಿ ಮಾಡುವುದನ್ನು ಅವನು ಒಪ್ಪಲಿಲ್ಲ. ಭಕ್ತನೂ ವಿಜ್ಞಾನಿಯೂ ಆದವನ ಈ ಎಚ್ಚರವು ರಾಮಾನುಜರ ಎಚ್ಚರಕ್ಕೆ ಹತ್ತಿರವಾದುದು.

ವೀರಶೈವರ ಪಕ್ಷವನ್ನು ಬ್ರಹ್ಮಸೂತ್ರಗಳ ಮೇಲೆ ನಿಲ್ಲಿಸಿದವರು ಶ್ರೀಪತಿ ಪಂಡಿತಾರಾಧ್ಯರು. ಅವರ ಶ್ರೀಕರಭಾಷ್ಯವನ್ನು ಸಿ. ಹಯವದನರಾಯರು ಸಂಪಾದಿಸಿ 1936ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದುದರಿಂದ ಅದು ವಿದ್ವಾಂಸರೆಲ್ಲರ ಕೈಗೂ ಸಿಕ್ಕಿತು. ಈ ದರ್ಶನದಲ್ಲಿ ಶಿವನು ಕುಂಬಾರನಂತೆ ಹೊರಗೆ ನಿಂತು ಮಣ್ಣನ್ನು ತಂದು ಮಾಡುವವನಲ್ಲ. ನಿಮಿತ್ತಕಾರಣವೂ ಅವನೇ, ಉಪಾದಾನಕಾರಣವೂ ಅವನೇ. ಬೆಂಕಿಯಿಂದ ಬಿಸಿಯು ಬೇರೆಯಾಗದಂತೆ ಶಿವನಿಂದ ಬೇರೆಯಾಗದ ಶಕ್ತಿಯೇ ಜಗತ್ತಾಗಿ ಅರಳುತ್ತದೆ. ತನ್ನೊಳಗಿನಿಂದಲೇ ನೂಲನ್ನು ಚೆಲ್ಲಿ ಮತ್ತೆ ತನ್ನೊಳಗೇ ಸೆಳೆದುಕೊಳ್ಳುವ ಜೇಡನನ್ನು ಉಪನಿಷತ್ತು ದೃಷ್ಟಾಂತವಾಗಿ ಕೊಟ್ಟಿದೆ. ಹೀಗೆಂದ ಮೇಲೆ ಜಿನಸೇನರ ಆಕ್ಷೇಪಗಳಲ್ಲಿ ಅರ್ಧವು ತಟ್ಟುವುದಿಲ್ಲ. ಮಾಡುವ ಮುಂಚೆ ಎಲ್ಲಿದ್ದನು, ಯಾವ ದ್ರವ್ಯದಿಂದ ಮಾಡಿದನು ಎಂಬ ಪ್ರಶ್ನೆಗಳು ಹೊರಗೆ ನಿಂತ ಕುಂಬಾರನಿಗೆ ಮಾತ್ರ ಅನ್ವಯಿಸುವುವು. ಏಕೆ ಸೃಷ್ಟಿಸಿದನೆಂಬುದಕ್ಕೆ ಲೀಲೆಯೆಂಬ ಉತ್ತರವುಂಟು. ಬಯಕೆಯಿಂದಾದರೆ ಕೊರತೆಯು ಅಂಟುವುದು, ಲೀಲೆಗೆ ಅದು ಅಂಟದು.

ಆದರೆ ದುಃಖದ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ. ಉಳಿಯುವುದು ಮಾತ್ರವಲ್ಲ, ಹೆಚ್ಚುತ್ತದೆ. ಜಗತ್ತೇ ಶಿವನ ಶಕ್ತಿಯ ಅರಳುವಿಕೆಯಾದರೆ ಹಸಿದ ಕೂಸಿನ ಅಳುವೂ ಆ ಲೀಲೆಯೊಳಗೆಯೇ ಬಂದಿತು. ಬ್ರಹ್ಮಸೂತ್ರಕಾರರು ಈಶ್ವರನಿಗೆ ಪಕ್ಷಪಾತವೂ ಕ್ರೌರ್ಯವೂ ಬರುವುವೆಂಬ ಶಂಕೆಯನ್ನು ತಾವೇ ಎತ್ತಿ, ಅವನು ಜೀವರ ಕರ್ಮವನ್ನು ಅಪೇಕ್ಷಿಸಿ ಸೃಷ್ಟಿಸುವನೆಂದೂ ಕರ್ಮವು ಅನಾದಿಯೆಂದೂ ಸಮಾಧಾನವನ್ನು ಹೇಳಿರುವರು. ಭಾಷ್ಯಕಾರರೆಲ್ಲರೂ ಆ ದಾರಿಯನ್ನೇ ಹಿಡಿದರು. ಜಿನಸೇನರ ಕೊನೆಯ ಪ್ರಶ್ನೆಯು ಕಾದು ಕುಳಿತಿರುವುದು ಅಲ್ಲಿಯೇ. ಇದಕ್ಕೆ ಎದುರುವಾದಿಯು ತಲೆದೂಗುವಂತಹ ಉತ್ತರವನ್ನು ಯಾವ ದರ್ಶನವೂ ಕೊಟ್ಟಿಲ್ಲವೆಂಬುದನ್ನು ನಿಷ್ಪಕ್ಷಪಾತಿಯು ಒಪ್ಪಲೇಬೇಕಾಗುತ್ತದೆ. ಶರಣರು ಹಸಿವನ್ನು ಭಾಷ್ಯದಿಂದ ಪರಿಹರಿಸಲು ಹೋಗಲಿಲ್ಲ. ಕಾಯಕದಿಂದ ದುಡಿದು ದಾಸೋಹದಿಂದ ಹಂಚಿದರು. ತರ್ಕದ ದೃಷ್ಟಿಯಿಂದ ಇದು ಉತ್ತರವಲ್ಲ. ಹಸಿದವನ ದೃಷ್ಟಿಯಿಂದ ಉತ್ತರವಾದೀತು.

ಹೀಗಿರಲು ನಂಬಿಕೆಯು ಯುಕ್ತವೇ? ಶರಣರು ಮುಂದಿಡುವ ಪ್ರಮಾಣವು ಅನುಭಾವ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನಿಟ್ಟಿಸುವವನಿಗೆ ಯಾವ ಅರಿವು ಮೂಡುವುದೋ ಅದು ಅವನಿಗೆ ಪ್ರತ್ಯಕ್ಷಕ್ಕೆ ಸಮಾನ. ಸಕ್ಕರೆಯ ಸವಿಯನ್ನು ಉಂಡವನಿಗೆ ಅನುಮಾನದ ಅಗತ್ಯವಿಲ್ಲ. ಈ ಕಾರಣದಿಂದ ಅಂಥವನ ನಂಬಿಕೆಯನ್ನು ಅಯುಕ್ತವೆನ್ನುವುದು ಸಲ್ಲದು. ಯಾವ ಪರೀಕ್ಷಾಸಮಿತಿಯೂ ಅದನ್ನು ಕಸಿದುಕೊಳ್ಳಲಾರದು. ಆದರೆ ಈ ಪ್ರಮಾಣಕ್ಕೆ ಒಂದು ಮಿತಿಯುಂಟು. ಒಬ್ಬನು ಉಂಡ ಸವಿಯು ಇನ್ನೊಬ್ಬನ ನಾಲಗೆಗೆ ತಟ್ಟದು. ತನಗೆ ಅನುಭಾವವಾಯಿತೆಂದು ನೆರೆಯವನು ನಂಬಲೇಬೇಕೆಂಬ ಹಕ್ಕು ಯಾರಿಗೂ ಬರುವುದಿಲ್ಲ. ಅನುಭಾವವಾಯಿತೆಂದು ಭ್ರಮಿಸುವವರೂ ನಟಿಸುವವರೂ ಇರುವುದರಿಂದಲೇ ಅನುಭವಮಂಟಪದಲ್ಲಿ ಬಂದವರನ್ನೆಲ್ಲ ಪ್ರಶ್ನೆಗಳಿಂದ ಜರಡಿಹಿಡಿಯುತ್ತಿದ್ದರೆಂದು ಶೂನ್ಯಸಂಪಾದನೆಯು ಚಿತ್ರಿಸಿದೆ. ಕೆರೆಗಳನ್ನು ಕಟ್ಟಿಸುತ್ತಿದ್ದ ಸೊನ್ನಲಿಗೆಯ ಸಿದ್ಧರಾಮನನ್ನೂ, ಅಣ್ಣನ ಅಗಲಿಕೆಯಿಂದ ಶೋಕಿಸುತ್ತಿದ್ದ ಮುಕ್ತಾಯಕ್ಕನನ್ನೂ ಪ್ರಭುವು ಕೇಳದೆ ಬಿಡಲಿಲ್ಲ. ಮುಕ್ತಾಯಕ್ಕನಾದರೋ ಪ್ರಭುವನ್ನೇ ಮರಳಿ ಕೇಳಿದಳು. ಶಿಷ್ಯರ ನಂಬಿಕೆಯನ್ನು ಅಲ್ಲಿ ಹೀಗೆ ಕೇಳಿ ಕೇಳಿ ಗಟ್ಟಿಮಾಡುತ್ತಿದ್ದರು.

ಈ ಕೇಳುವ ಪರಂಪರೆಗೆ ಲಿಂಗಾಯತ ಸಮಾಜವು ಎಲ್ಲ ಕಾಲದಲ್ಲಿಯೂ ನಿಷ್ಠವಾಗಿ ಉಳಿಯಲಿಲ್ಲವೆಂಬುದನ್ನು ಇಂತಹ ಮಹೋತ್ಸವದ ಸಂಚಿಕೆಯಲ್ಲಿ ಹೇಳುವುದು ಕಷ್ಟವಾದರೂ ಹೇಳತಕ್ಕದ್ದೇ. ವಚನಸಾಹಿತ್ಯದ ಸಂಶೋಧನೆಯಲ್ಲಿ ಆಯುಷ್ಯವನ್ನು ಸವೆಸಿದ ಡಾ. ಎಂ. ಎಂ. ಕಲಬುರ್ಗಿಯವರು ಚನ್ನಬಸವಣ್ಣನವರ ಜನ್ಮವೃತ್ತಾಂತವನ್ನು ಕುರಿತು ಬರೆದುದಕ್ಕಾಗಿ 1989ರಲ್ಲಿ ತಮ್ಮ ಮಾತನ್ನು ಹಿಂದೆಗೆದುಕೊಳ್ಳಬೇಕಾಗಿ ಬಂದಿತು. ಆ ಒತ್ತಾಯವು ಹೊರಗಿನವರಿಂದ ಬಂದುದಲ್ಲ. 2015ನೆಯ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಅವರ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. 1976ರ ಮೂರು ಪತ್ರಗಳಿಗೆ ಸಿಕ್ಕಿದ ಉತ್ತರವು ಮೌನವಾಗಿತ್ತು. ನಲವತ್ತು ವರ್ಷಗಳೊಳಗೆ ನಾಡು ಎಲ್ಲಿಗೆ ಬಂದಿತೆಂದು ಲೆಕ್ಕಹಾಕುವವರು ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ತರುವಾಯ 2017ರಲ್ಲಿ ಕರ್ನಾಟಕದ ವಿಧಾನಮಂಡಲವು ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಅಧಿನಿಯಮವನ್ನು ಅಂಗೀಕರಿಸಿತು; 2020ರಲ್ಲಿ ಅದು ಜಾರಿಗೆ ಬಂದಿತು. ಪವಾಡವೆಂದು ತೋರಿಸಿ ಜನರನ್ನು ವಂಚಿಸಿ ಹಣಗಳಿಸುವುದನ್ನು ಅದು ನಿಷೇಧಿಸುತ್ತದೆ. ಪೂಜೆ, ಯಾತ್ರೆ, ಭಜನೆಗಳನ್ನು ಮುಟ್ಟುವುದಿಲ್ಲ. ನರಸಿಂಹಯ್ಯನವರ ಸಮಿತಿಯ ಹೆಸರಿನಲ್ಲಿದ್ದ ಗಡಿಯೇ ಹೀಗೆ ಶಾಸನದೊಳಗೂ ಬಂದಂತಾಯಿತು.

ನರಸಿಂಹಯ್ಯನವರ ವಿಷಯದಲ್ಲಿ ಇನ್ನೊಂದು ಮಾತು ಉಳಿದಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಕುಟುಂಬದಲ್ಲಿ ಹುಟ್ಟಿದ ಅವರು, ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದುಕೊಂಡೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಿದರು. 1942ರ ಚಳವಳಿಯಲ್ಲಿ ಸೆರೆಮನೆಯನ್ನು ಕಂಡರು. ಮದುವೆಯಾಗಲಿಲ್ಲ. ಖಾದಿಯನ್ನುಟ್ಟು ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿಯೇ ಬಾಳಿದರು. ಗೌರಿಬಿದನೂರು, ಬಾಗೇಪಲ್ಲಿಗಳಂತಹ ಬರದ ಸೀಮೆಯ ಊರುಗಳಲ್ಲಿ ಬಡಮಕ್ಕಳಿಗಾಗಿ ಕಾಲೇಜುಗಳನ್ನು ಕಟ್ಟಿ, 2005ನೆಯ ಜನವರಿ 31ರಂದು ತೀರಿಕೊಂಡರು. ಲಿಂಗವನ್ನು ಧರಿಸಿದವರಲ್ಲ, ಯಾವ ದೇವರ ಮುಂದೆಯೂ ಫಲವನ್ನು ಬೇಡಿದವರಲ್ಲ. ಭಕ್ತನನ್ನು ಅವನ ನಡೆಯಿಂದ ಅಳೆಯಬೇಕೆಂದು ಶರಣರು ಹೇಳಿದರು. ಆ ಅಳತೆಗೋಲನ್ನು ನಂಬದವನ ಪಕ್ಕದಲ್ಲಿ ಹಿಡಿದರೆ ಅದು ಏನನ್ನು ತೋರಿಸುತ್ತದೆಂಬ ಪ್ರಶ್ನೆಯನ್ನು ಶ್ರೀಪತಿ ಪಂಡಿತರ ಭಾಷ್ಯವು ಎತ್ತಿಕೊಂಡಿಲ್ಲ. ಜಾತ್ರೆಗೆ ಬರುವ ವೈಟ್‌ಫೀಲ್ಡಿನ ಮಕ್ಕಳು ಮುಂದಿನ ಸಲ ಕೇಳುವುದು ಬಹುಶಃ ಇದನ್ನೇ.